ಹಳೇ ಸೇತುವೆ ಶಾಖೆಯ ಫೋನು

ದೇಶ ಸುತ್ತಬೇಕು, ಇಲ್ಲವೇ ಕೋಶ ಓದಬೇಕು ಎಂದು ಹಿರಿಯರು ಹೇಳಿದ್ದಾರೆ. ನಮ್ಮ ಆಫೀಸಿನ ಮೆಟ್ಟಿಲು ಹತ್ತುವಷ್ಟರಲ್ಲಿ ಆ ಗಾದೆಗೆ ಏದುಸಿರು ಬಂದು, ‘ದೇಶ ಸುತ್ತಬೇಕು, ಕಡತಕೋಶ ಹುಡುಕಬೇಕು’ ಎಂದಾಗಿಬಿಟ್ಟಿತ್ತು. ಸುತ್ತುತ್ತಿದ್ದವಳೂ ಹುಡುಕುತ್ತಿದ್ದವಳೂ ಒಬ್ಬಳೇ: ನನ್ನ ಚಿಕ್ಕಪ್ಪನ ಮಗಳು, ನನಗಿಂತ ಮೂರು ವರ್ಷಕ್ಕೆ ದೊಡ್ಡವಳು, ನಾನು ಅಕ್ಕ ಎನ್ನುವವಳು. ಈಗ ಹೇಳುವುದು ಅವಳ ಕಥೆ, ಮತ್ತು ಇದು ನಿಜವಾಗಿ ನಡೆದದ್ದು. ನಾನು ಬಾಯಿ ಬಿಟ್ಟರೆ ಸುಳ್ಳೇ ಎಂದು ನಂಬಿರುವ ಬಂಧುಗಳೂ ಇದೊಂದನ್ನು ನಂಬಬಹುದು. ಏಕೆಂದರೆ ಇದರಲ್ಲಿ ಮರ್ಯಾದೆ ಹೋಗುವುದು ನನ್ನದು. ತನ್ನ ಮರ್ಯಾದೆ ತಾನೇ ಕಳೆಯುವ ಸುಳ್ಳನ್ನು ಯಾರೂ ಕಟ್ಟುವುದಿಲ್ಲ.

ನಮ್ಮ ಆಫೀಸು ಒಂದು ಕನ್ನಡಕದ ಅಂಗಡಿಯ ಮೇಲಿನ ಮೂರು ಕೋಣೆ. ಕೆಳಗೆ ಅಕ್ಷರ ಕಾಣದವರಿಗೆ ಕನ್ನಡಕ, ಮೇಲೆ ಪುಸ್ತಕ ಕಾಣದವರಿಗೆ ‘ಕಪಾಟು’. ಕಪಾಟು ಎಂಬುದು ಚಿಕ್ಕಪ್ಪ ಗ್ರಂಥಾಲಯಗಳಿಗಾಗಿ ಮಾಡಿದ ತಂತ್ರಾಂಶ. ಯಾವ ಪುಸ್ತಕ ಯಾರ ಮನೆಯಲ್ಲಿದೆ, ಎಂದು ಬರಬೇಕು, ಎಷ್ಟು ಸಲ ಜ್ಞಾಪಿಸಿದರೂ ಬರಲಿಲ್ಲ, ಎಲ್ಲವನ್ನೂ ಅದು ಹೇಳುತ್ತಿತ್ತು. ಬಳಸಿದವರೆಲ್ಲ ಹೊಗಳುತ್ತಿದ್ದರು. ಕಷ್ಟವಿದ್ದದ್ದು ಬಳಸುವುದರಲ್ಲಲ್ಲ, ಗ್ರಂಥಾಲಯದ ಕಂಪ್ಯೂಟರಿನೊಳಗೆ ಅದನ್ನು ಕೂರಿಸುವುದರಲ್ಲಿ.

ಕೂರಿಸುವ ಕೆಲಸಕ್ಕೆ ಒಂದು ಸ್ಕ್ರಿಪ್ಟು ಇತ್ತು. ಸ್ಕ್ರಿಪ್ಟು ಎಂದರೆ ಕಂಪ್ಯೂಟರಿಗೆ ಬರೆದುಕೊಟ್ಟ ಕೆಲಸದ ಚೀಟಿ: ಇದನ್ನು ಇಲ್ಲಿಡು, ಅದನ್ನು ಅಲ್ಲಿಂದ ತರಿಸು, ಆಮೇಲೆ ಬಾಗಿಲು ತೆರೆ. ಚಿಕ್ಕಪ್ಪ ಅದನ್ನು ತಮ್ಮ ಮೇಜಿನ ಮೇಲಿದ್ದ ಕಂಪ್ಯೂಟರನ್ನು ನೋಡಿಕೊಂಡು ಬರೆದಿದ್ದರು. ಆ ಕಂಪ್ಯೂಟರಿನಲ್ಲಿ ಅವರ ಬಳಕೆದಾರ ಹೆಸರು ‘ಯಜಮಾನ’, ಆ ಹೆಸರಿನ ಕಡತಕೋಶವೇ ಅವರ ‘ಮನೆ’. ಹಾಗಾಗಿ ಸ್ಕ್ರಿಪ್ಟು ಯಾವ ಊರಿನ ಯಾವ ಯಂತ್ರಕ್ಕೆ ಹೋದರೂ ಮೊದಲು ‘ಯಜಮಾನನ ಮನೆ ಎಲ್ಲಿ?’ ಎಂದು ಕೇಳುತ್ತಿತ್ತು. ಮನೆ ಸಿಗದಿದ್ದರೆ ಅರ್ಧ ಸಾಮಾನನ್ನು ದಾರಿಯಲ್ಲೇ ಚೆಲ್ಲಿ ಮುನಿಸಿಕೊಂಡು ಮಲಗುತ್ತಿತ್ತು. ನೆಂಟರ ಮನೆಗೆ ಬರುವವರಲ್ಲಿ ಎರಡು ಜಾತಿಯಿದೆ ನೋಡಿ. ಒಬ್ಬರು ಇದ್ದುದರಲ್ಲಿ ಹೊಂದಿಕೊಳ್ಳುತ್ತಾರೆ. ಇನ್ನೊಬ್ಬರು ಬೀಗರು, ಬೀಗುತ್ತಲೇ ಬರುತ್ತಾರೆ, ತಮ್ಮ ಮನೆಯಲ್ಲಿದ್ದ ಚೊಂಬು ಇಲ್ಲೂ ಅದೇ ಮೂಲೆಯಲ್ಲಿರಬೇಕು ಎನ್ನುತ್ತಾರೆ. ಚಿಕ್ಕಪ್ಪನ ಸ್ಕ್ರಿಪ್ಟು ಅಪ್ಪಟ ಬೀಗ.

ಅದಕ್ಕೆ ಅಕ್ಕ ಕಂಡುಕೊಂಡಿದ್ದ ಉಪಾಯ ಸರಳ. ಪ್ರತಿ ಗ್ರಂಥಾಲಯಕ್ಕೂ ಬಸ್ಸಿನಲ್ಲಿ ಹೋಗಿ, ಅಲ್ಲಿಯ ಕಂಪ್ಯೂಟರಿನಲ್ಲಿ ‘ಯಜಮಾನ’ ಎಂಬ ಹೆಸರಿನವನೊಬ್ಬನನ್ನು ಹುಟ್ಟಿಸಿ, ಅವನಿಗೊಂದು ಮನೆ ಕಟ್ಟಿಕೊಟ್ಟು, ಆಮೇಲೆ ಸ್ಕ್ರಿಪ್ಟನ್ನು ಒಳಗೆ ಕರೆಯುವುದು. ಹೀಗೆ ಮೂರು ವರ್ಷದಲ್ಲಿ ಅರವತ್ತು ಗ್ರಂಥಾಲಯ. ಹೆಗಲಿನಲ್ಲೊಂದು ಚೀಲ, ಅದರಲ್ಲಿ ಸ್ಕ್ರೂಡ್ರೈವರು, ಎರಡು ಮೌಸು, ಉದ್ದದ ವಯರು, ಟಾರ್ಚು, ಒಂದು ಜೊತೆ ಒಣಗಿದ ಸಾಕ್ಸು. ಗ್ರಂಥಪಾಲಕರೆಲ್ಲ ಅವಳನ್ನು ಚೀಲದಕ್ಕ ಎಂದೇ ಕರೆಯುತ್ತಿದ್ದರು. ಕಪಾಟನ್ನು ಮಾಡಿದವರು ಚಿಕ್ಕಪ್ಪ, ಹೊತ್ತವಳು ಚೀಲದಕ್ಕ. ಎಂಜಿನಿಯರಿಂಗಿನಲ್ಲಿ ಕಾಲೇಜಿಗೇ ಎರಡನೆಯವಳಾಗಿದ್ದವಳನ್ನು ಒಂದು ಗ್ರಂಥಾಲಯದ ಜವಾನ, “ಕಂಪನಿಯಿಂದ ಸಾಮಾನು ತಂದಿದ್ದಾರೆ” ಎಂದು ಒಳಗೆ ಕೂಗಿ ಹೇಳಿದ್ದನಂತೆ. ಅವಳು ಅದನ್ನು ನಗುತ್ತಲೇ ಹೇಳಿದಳು. ಆದರೆ ಎರಡು ಸಲ ಹೇಳಿದಳು.

ಹೀಗಿರುವಾಗ ಗ್ರಂಥಾಲಯ ಇಲಾಖೆಯಿಂದ ಕಾಗದ ಬಂತು. ಇನ್ನೂ ಇನ್ನೂರ ನಲವತ್ತು ಶಾಖೆಗಳಿಗೆ ಕಪಾಟು ಬೇಕು. ಆದರೆ ಕಂಪನಿಯವರು ಯಾರೂ ಬರಬಾರದು. ಗ್ರಂಥಪಾಲಕರೇ ಪೆನ್‌ಡ್ರೈವ್ ಚುಚ್ಚಿ ಹಾಕಿಕೊಳ್ಳುವಂತಿರಬೇಕು. ಆರು ವಾರಕ್ಕೆ ಪರೀಕ್ಷೆ. ಯಾವ ಶಾಖೆಯಲ್ಲಿ ಎಂಬುದನ್ನು ಅಂದಿನ ಬೆಳಿಗ್ಗೆ ತಿಳಿಸುತ್ತಾರೆ. ಪರೀಕ್ಷೆಯಲ್ಲಿ ಸೋತರೆ ಕಂಪನಿಯ ಒಬ್ಬರು ಎರಡು ವರ್ಷ ಊರೂರು ತಿರುಗಿ ಇನ್ನೂರ ನಲವತ್ತೂ ಶಾಖೆಯಲ್ಲಿ ಕೈಯಾರೆ ಹಾಕಿಕೊಡಬೇಕು.

‘ಒಬ್ಬರು’ ಯಾರು ಎಂದು ಕೇಳುವ ಅಗತ್ಯ ಯಾರಿಗೂ ಬೀಳಲಿಲ್ಲ. ಎಲ್ಲರ ಕಣ್ಣೂ ಗೋಡೆಯ ಮೊಳೆಗೆ ತೂಗುಬಿದ್ದಿದ್ದ ಚೀಲದ ಕಡೆ ಹೋಯಿತು.

“ಎರಡು ವರ್ಷ ಅಂದ್ರೆ ಧಾರಾಳ ಆಯ್ತು. ವಾರಕ್ಕೆ ಮೂರು ಶಾಖೆ ಸಾಕು. ಕೈಯಾರೆ ಮಾಡಿದ ಕೆಲಸಕ್ಕೆ ಇರೋ ಗ್ಯಾರಂಟಿ ಬೇರೆ ಯಾವುದಕ್ಕೂ ಇಲ್ಲ” ಎಂದರು ಚಿಕ್ಕಪ್ಪ.

“ಅಪ್ಪ, ನೀವು ಕಾಗದದ ಕೊನೇ ಸಾಲು ಮಾತ್ರ ಓದಿದ್ದೀರ. ಮೊದಲು ಪರೀಕ್ಷೆ ಇದೆ. ಹೊಸ ಸ್ಕ್ರಿಪ್ಟು ನಾನು ಬರೀತೀನಿ” ಎಂದಳು ಅಕ್ಕ.

“ಯಾಕೆ, ನನ್ನದಕ್ಕೇನಾಗಿದೆ?”

“ನಿಮ್ಮದಕ್ಕೆ ಏನೂ ಆಗಿಲ್ಲ. ನಿಮ್ಮ ಮೇಜಿನ ಮೇಲೆ ಅದು ತುಂಬಾ ಚೆನ್ನಾಗಿ ಕೆಲಸ ಮಾಡುತ್ತೆ.”

ಫೋನಿನ ಪಕ್ಕ ಕೂತಿದ್ದ ಚಿಕ್ಕಮ್ಮ ತಲೆ ಎತ್ತಲಿಲ್ಲ. “ಬರೀಲಿ ಬಿಡಿ. ಈಗಾಗ್ಲೇ ಅರವತ್ತು ಊರಲ್ಲಿ ಮನೆ ಮಾಡಿದ್ದೀರಿ. ಇನ್ನೂ ಇನ್ನೂರ ನಲವತ್ತು ಮಾಡಿದ್ರೆ ಈ ಮನೆಗೆ ಯಾವಾಗ ಬರ್ತೀರೋ?” ಎಂದರು. ಅದರೊಂದಿಗೆ ಚರ್ಚೆ ಮುಗಿಯಿತು.

ಅಕ್ಕ ಮೂರನೇ ಕೋಣೆಗೆ ಬಿಡಾರ ಬದಲಿಸಿದಳು. ಗುಜರಿಯಿಂದ ತಂದ ಏಳು ಕಂಪ್ಯೂಟರುಗಳನ್ನು ಗೋಡೆಯುದ್ದಕ್ಕೆ ಸಾಲಾಗಿ ಇಟ್ಟಳು. ಒಂದಕ್ಕೆ ಹನ್ನೆರಡು ವರ್ಷ, ಒಂದಕ್ಕೆ ಎರಡು. ಎಲ್ಲದರಲ್ಲೂ ಯಂತ್ರವನ್ನು ನಡೆಸುವ ಮೂಲ ತಂತ್ರಾಂಶ ಲಿನಕ್ಸೇ, ಆದರೆ ಬೇರೆ ಬೇರೆ ತಳಿ. ಒಂದು ತಳಿಯಲ್ಲಿ ಸಾಮಾನು ತರಿಸಿಕೊಡುವ ಆಳಿಗೆ ಒಂದು ಹೆಸರು, ಇನ್ನೊಂದರಲ್ಲಿ ಇನ್ನೊಂದು. ತಪ್ಪು ಹೆಸರಿನಿಂದ ಕರೆದರೆ ಯಾವನೂ ತಿರುಗಿ ನೋಡುವುದಿಲ್ಲ. ಏಳೂ ಪರದೆಗಳ ಮೇಲೆ ಕಾಣುವಂತೆ ಒಂದು ರಟ್ಟಿನ ಮೇಲೆ ಅವಳು ದಪ್ಪಕ್ಷರದಲ್ಲಿ ಬರೆದು ಅಂಟಿಸಿದಳು: ‘ಮುಟ್ಟುವ ಮುಂಚೆ ನೋಡು.’

“ಇದು ಚಿಕ್ಕಪ್ಪನಿಗೆ ಬರೆದದ್ದಾ ಸ್ಕ್ರಿಪ್ಟಿಗಾ?” ಎಂದೆ.

“ನಿನಗೆ. ಆ ಮೂರನೇ ಮೌಸು ಮೊನ್ನೆ ತಾನೇ ತಂದದ್ದು, ಕೈ ತೆಗಿ.”

ಮೂರನೇ ವಾರದ ಹೊತ್ತಿಗೆ ಅವಳ ಸ್ಕ್ರಿಪ್ಟು ನೆಂಟರಲ್ಲಿ ಮೊದಲನೇ ಜಾತಿಗೆ ಸೇರಿತು. ಹೊಸಿಲಲ್ಲಿ ನಿಂತು ಮನೆಯವರ ಹೆಸರು ತಿಳಿದುಕೊಳ್ಳುತ್ತಿತ್ತು. ಯಾವ ತಳಿ, ಆಳಿನ ಹೆಸರೇನು, ಎಷ್ಟು ಜಾಗವಿದೆ, ಹೊರಗಿನ ಸಂಪರ್ಕ ಉಂಟೋ ಇಲ್ಲವೋ ಎಂದು ತಾನೇ ನೋಡಿಕೊಳ್ಳುತ್ತಿತ್ತು. ನೋಡಿದರೆ ತಿಳಿಯುವುದನ್ನು ಯಾರಿಗೂ ಕೇಳುತ್ತಿರಲಿಲ್ಲ. ಏಳು ಯಂತ್ರದಲ್ಲೂ ಏಳು ಥರ ನಡೆದುಕೊಂಡು, ಏಳರಲ್ಲೂ ಕಪಾಟನ್ನು ಕೂರಿಸಿತು. ಅಕ್ಕ ನನ್ನನ್ನು ಕರೆದು ತೋರಿಸಿದಾಗ ಅವಳ ಮುಖ ನೋಡಬೇಕಿತ್ತು. ಏಳು ಮಕ್ಕಳೂ ಒಟ್ಟಿಗೆ ಪಾಸಾದ ತಾಯಿಯ ಹಾಗಿದ್ದಳು.

ಆಫೀಸಿನಲ್ಲಿ ನನ್ನ ಕೆಲಸ, ಬೇರೆಯವರು ಬರೆದದ್ದನ್ನು ಕೆಡಿಸಲು ಸಾಧ್ಯವೇ ಎಂದು ನೋಡುವುದು. ಹುಟ್ಟುಗುಣವನ್ನೇ ಉದ್ಯೋಗ ಮಾಡಿಕೊಳ್ಳುವ ಭಾಗ್ಯ ಎಷ್ಟು ಜನಕ್ಕಿದೆ? ಆದರೆ ಅಕ್ಕನ ಸ್ಕ್ರಿಪ್ಟು ಕೆಡಲೇ ಇಲ್ಲ. ನಾಲ್ಕು ದಿನ ಹೆಣಗಿ ಬೇಸರ ಬಂತು. ಬೇಸರ ಬಂದಾಗ ನನ್ನ ಗಂಟಲಿಗೆ ತುರಿಕೆ ಶುರುವಾಗುತ್ತದೆ. ಕಾಲೇಜಿನಲ್ಲಿ ಪ್ರಾಂಶುಪಾಲರ ಧ್ವನಿಯಲ್ಲಿ ಮೈಕಿನಲ್ಲಿ ರಜೆ ಘೋಷಿಸಿದವನು ನಾನು. ಮನೆಯಲ್ಲಿ ನನಗೆ ಗಿಳಿ ಎಂದೇ ಹೆಸರು.

ಕೆಳಗಿನ ಕನ್ನಡಕದಂಗಡಿಯವರು ಹೊಸ ಫೋನು ಹಾಕಿಸಿದ್ದರು; ಆ ನಂಬರು ಮೇಲಿನವರಿಗೆ ಗೊತ್ತಿರಲಿಲ್ಲ. ಇಲಾಖೆಯ ಹಳೆಯ ಪಟ್ಟಿಯೊಂದರಿಂದ ‘ಹಳೇ ಸೇತುವೆ ಶಾಖೆ’ ಎಂಬ ಹೆಸರು ಆರಿಸಿಕೊಂಡೆ. ಅಂಗಡಿಯವರು ಕಣ್ಣು ಪರೀಕ್ಷೆಯ ಅಕ್ಷರದ ಹಲಗೆಯ ಹಿಂದೆ ನಿಂತು ಬಾಯಿಗೆ ಕರವಸ್ತ್ರ ತುರುಕಿಕೊಂಡರು. ನಾನು ಗಂಟಲನ್ನು ಅರವತ್ತರ ಆಸುಪಾಸಿಗೆ ಇಳಿಸಿ ಫೋನು ಮಾಡಿದೆ.

“ಹಲೋ... ಖ್ಹೊ, ಖ್ಹೊ... ಕಪಾಟಿನೋರಾ? ನಾನಮ್ಮ, ಹಳೇ ಸೇತುವೆ ಶಾಖೆ ಗ್ರಂಥಪಾಲಕ. ಪರೀಕ್ಷೆಗೆ ನಮ್ಮ ಶಾಖೆ ಬಂದ್ರೂ ಬರಬಹುದು ಅಂತಾರೆ. ಅದಕ್ಕೆ ಮೊದಲೇ ಹೇಳಿಬಿಡೋಣ ಅಂತ, ಏನಂತೀರಿ?”

“ಹೇಳಿ ಸರ್, ಹೇಳಿ” ಎಂದಳು ಅಕ್ಕ. ಪೆನ್ನಿನ ಮುಚ್ಚಳ ತೆಗೆದ ಸದ್ದೂ ಕೇಳಿಸಿತು.

“ನಮ್ಮ ಕಂಪ್ಯೂಟರಿಗೊಂದು ದೊಡ್ಡ ಪಾಸ್‌ವರ್ಡು ಇದೆಯಂತೆ, ಹೊಸದೇನು ಹಾಕೋದಿದ್ರೂ ಅದೇ ಬೇಕಂತೆ. ಅದು ಗೊತ್ತಿದ್ದ ಮಹಾನುಭಾವ ವರ್ಗವಾಗಿ ಹೋದ. ಫೋನು ಮಾಡಿ ಕೇಳೋಣ ಅಂದ್ರೆ ನಾವಿಬ್ಬರೂ ಮಾತು ಬಿಟ್ಟು ಎಂಟು ವರ್ಷ ಆಯ್ತು. ಖ್ಹೊ...”

“ಅಯ್ಯೋ, ಕೆಮ್ಮು ಜೋರಾಗಿದೆಯಲ್ಲ ಸರ್. ಬಿಸಿನೀರು ಕುಡೀರಿ.”

ನಾನು ಮೇಲೆ ಬಂದು ಮುಗ್ಧನಾಗಿ ಕೂತೆ. ಅಕ್ಕ ತಲೆಗೆ ಕೈ ಹೊತ್ತು ಗೋಳಾಡುತ್ತಾಳೆ, ಸಂಜೆ ಗುಟ್ಟು ಬಿಟ್ಟು ನಗಿಸೋಣ ಎಂಬುದು ನನ್ನ ಯೋಜನೆ. ಅವಳು ಗೋಳಾಡಲಿಲ್ಲ. “ಸರಿಯಾಗೇ ಕೇಳಿದ್ರು” ಎಂದವಳೇ ಕೂತು ಬರೆದಳು. ಎರಡು ದಿನದಲ್ಲಿ ಸ್ಕ್ರಿಪ್ಟಿಗೆ ಹೊಸ ನಡತೆ ಬಂತು. ದೊಡ್ಡ ಪಾಸ್‌ವರ್ಡು ಇದ್ದರೆ ಸರಿ. ಇಲ್ಲದಿದ್ದರೆ ಇಡೀ ಮನೆಯ ತಂಟೆಗೆ ಹೋಗದೆ, ಬಳಸುವವರ ಕೋಣೆಯೊಳಗೇ ಕಪಾಟನ್ನು ಇಟ್ಟುಕೊಂಡು ಸುಮ್ಮನಿರುತ್ತಿತ್ತು.

ಇದು ನನಗೆ ಅವಮಾನವೆನಿಸಿತು. ಮತ್ತೆ ಕೆಳಗಿಳಿದೆ.

“ಡಿಸ್ಕು ಭರ್ತಿಯಾಗಿದೆಯಮ್ಮ. ನಮ್ಮ ಮೊಮ್ಮಗುವಿನ ಫೋಟೋಗಳು. ಅಳಿಸಿ ಅಂತ ಮಾತ್ರ ಹೇಳಬೇಡಿ, ಏನಂತೀರಿ? ಆ ಫೋಲ್ಡರಿಗೆ ಹೆಸರೇ ‘ದಯವಿಟ್ಟು ಇದನ್ನು ಮುಟ್ಟಬೇಡಿ’ ಅಂತ ಇಟ್ಟಿದ್ದೀನಿ.”

“ಖಾಲಿ ಜಾಗ ಬಿಟ್ಟು ಬಿಟ್ಟು ಬರೆದಿದ್ದೀರಾ, ಪದ ಸೇರಿಸಿ ಬರೆದಿದ್ದೀರಾ ಸರ್?”

“ಬಿಡಿಸಿ ಬರೆದಿದ್ದೀನಿ. ನಾನು ಕನ್ನಡ ಓದಿದವನು!”

ಒಂದು ಹೆಸರಿನ ನಡುವೆ ಖಾಲಿ ಜಾಗ ಬಂದರೆ ಸ್ಕ್ರಿಪ್ಟು ಅದನ್ನು ಮೂರು ಹೆಸರೆಂದು ಓದಿ ಎಡವುವುದುಂಟು. ಅಕ್ಕ ಅಂಥ ಎಡವುಗಲ್ಲುಗಳನ್ನು ಹುಡುಕಿ ಹನ್ನೊಂದು ಕಡೆ ಸರಿಪಡಿಸಿದಳು. ಜಾಗ ಸಾಲದಿದ್ದರೆ ಏನನ್ನೂ ಅಳಿಸದೆ, ಇನ್ನೆಷ್ಟು ಬೇಕು, ಬೇರೆ ಎಲ್ಲಿ ಸಿಗಬಹುದು ಎಂದು ಹೇಳುವಂತೆ ಮಾಡಿದಳು. ಊಟಕ್ಕೆ ಕೂತಾಗ ನನ್ನೊಂದಿಗೆ, “ಮೂರು ವರ್ಷ ಬಸ್ಸಲ್ಲಿ ಸುತ್ತಿ ಕಲಿತದ್ದಕ್ಕಿಂತ ಆ ಕೆಮ್ಮಿನ ಸರ್ ಎರಡು ಫೋನಲ್ಲಿ ಕಲಿಸಿದ್ದು ಜಾಸ್ತಿ ಕಣೋ” ಎಂದಳು. ಗಾಳಕ್ಕೆ ಮೀನು ಬೀಳುವುದು ಸರಿ. ಮೀನು ಆ ಗಾಳವನ್ನೇ ಕಿತ್ತುಕೊಂಡು ಹೋಗಿ ಮನೆಯಲ್ಲಿ ಬಟ್ಟೆ ನೇತುಹಾಕಲು ಬಳಸಿದರೆ ಬೆಸ್ತ ಏನು ಮಾಡಬೇಕು?

ಅಲ್ಲಿಗೆ ನಿಲ್ಲಿಸಬೇಕಿತ್ತು. ಮೂರನೇ ಸಲ ಮಾಡಿದೆ. “ಅಮ್ಮಾ, ಕೆಳಗಡೆ ನೀರಿನ ಮೋಟರು ಹಾಕಿದ ಕೂಡಲೇ ನಮಗೆ ಕರೆಂಟು ಹೋಗುತ್ತೆ. ನಿಮ್ಮ ಕೆಲಸ ಅರ್ಧ ಆಗಿರುವಾಗ ಹೋದ್ರೆ?”

ಆ ಕಡೆ ಅಕ್ಕ ಹೊಸ ಪುಟ ತಿರುವಿದ ಸದ್ದು ಕೇಳಿಸಿತು. “ಒಂದು ವಾರ ಟೈಮ್ ಕೊಡಿ ಸರ್” ಎಂದಳು.

ಆ ವಾರ ಅವಳು ಯಾರೊಂದಿಗೂ ಸರಿಯಾಗಿ ಮಾತಾಡಲಿಲ್ಲ. ಏಳು ಕಂಪ್ಯೂಟರುಗಳ ಮುಂದೆ ಕೂತು, ಸ್ಕ್ರಿಪ್ಟು ಓಡುತ್ತಿರುವಾಗ ಒಂದೊಂದರ ಪ್ಲಗ್ಗನ್ನು ಕೀಳುವುದು, ಮತ್ತೆ ಹಾಕುವುದು, ತಲೆ ಕೊಡವುವುದು. ಪರೀಕ್ಷೆಗೆ ಹತ್ತೇ ದಿನ ಉಳಿದಿತ್ತು. ಚಿಕ್ಕಪ್ಪ ಬಾಗಿಲಲ್ಲಿ ಇಣುಕಿ, “ಯಾವನೋ ಒಬ್ಬನ ಮೋಟರಿಗೋಸ್ಕರ ಇದ್ದದ್ದನ್ನೂ ಕೆಡಿಸ್ಕೋತಿದ್ದೀಯ. ಚೀಲ ತೊಳೆಯೋಕೆ ಹೇಳಲಾ?” ಎಂದರು. ಅಕ್ಕ ಬಾಗಿಲು ಹಾಕಿಕೊಂಡಳು. ಅಂದು ನಾನು ಎರಡು ಸಲ ಆ ಬಾಗಿಲವರೆಗೆ ಹೋಗಿ, ‘ಅದು ನಾನೇ ಅಕ್ಕ’ ಎನ್ನಲು ಬಾಯಿ ತೆರೆದು, ಎರಡು ಸಲವೂ ಪೇಪರು ಕೇಳಿ ಹಿಂದಿರುಗಿದೆ. ನೂರು ಧ್ವನಿ ಬರುವ ಬಾಯಿಗೆ ಸ್ವಂತದ ಧ್ವನಿ ಬರಲಿಲ್ಲ.

ಆರನೇ ದಿನ ಅವಳೇ ನನ್ನನ್ನು ಕರೆದಳು. “ಕೆಡಿಸು ಬಾ.” ನಾನು ಪ್ಲಗ್ಗು ಕಿತ್ತೆ. ಶುರುವಿನಲ್ಲಿ, ನಡುವಿನಲ್ಲಿ, ಮುಗಿಯಲು ಒಂದು ಕ್ಷಣವಿರುವಾಗ. ಇಪ್ಪತ್ಮೂರು ಸಲ ಕಿತ್ತೆ. ಪ್ರತಿ ಸಲವೂ ಸ್ಕ್ರಿಪ್ಟು ಎದ್ದು, ಮಾಡಿ ಮುಗಿಸಿದ ಕೆಲಸಗಳನ್ನು ತನ್ನ ಪುಟ್ಟ ಪಟ್ಟಿಯಲ್ಲಿ ನೋಡಿಕೊಂಡು, ನಿಂತಲ್ಲಿಂದಲೇ ಮುಂದುವರಿಯಿತು.

ಪ್ರಾಯಶ್ಚಿತ್ತವೆಂಬಂತೆ ಕೆಮ್ಮಿನ ಸರ್ ಕೊನೆಯ ಸಲ ಫೋನು ಮಾಡಿದರು. ಬೀಳ್ಕೊಡುವುದಷ್ಟೇ ಉದ್ದೇಶ. ಆದರೆ ನಾಲಿಗೆ ಕೇಳಬೇಕಲ್ಲ. “ಇಂಗ್ಲಿಷಲ್ಲಿ ಕೆಂಪಕ್ಷರದಲ್ಲಿ ಏನೋ ಬೈದು ನಿಲ್ಲುತ್ತಮ್ಮ ಈ ಕಂಪ್ಯೂಟರು. ನನ್ನ ಎದೆ ಡವಡವ ಅನ್ನುತ್ತೆ. ಮನುಷ್ಯರ ಹಾಗೆ ಹೇಳೋಕೆ ಬರಲ್ವಾ ಅದಕ್ಕೆ, ಏನಂತೀರಿ?”

“ಬರುತ್ತೆ ಸರ್. ನಾನು ಹೇಳಿಕೊಡ್ತೀನಿ” ಎಂದಳು ಅಕ್ಕ.

ಪರೀಕ್ಷೆಯ ದಿನ ಬೆಳಿಗ್ಗೆ ಫೋನು ಬಂತು: ತರಕಾರಿ ಮಾರುಕಟ್ಟೆಯ ಹಿಂದಿನ ಶಾಖೆ. ಒಂದೇ ದೊಡ್ಡ ಕೋಣೆ, ಕಿಟಕಿಯಿಂದ ಕೊತ್ತಂಬರಿಯ ವಾಸನೆ, ಆರು ಬೆಂಚು, ಒಂದು ಕಂಪ್ಯೂಟರು. ಇಲಾಖೆಯ ಅಧಿಕಾರಿ ಎತ್ತರದ ಹೆಂಗಸು, ಮಾತು ಕಡಿಮೆ. ಪೆನ್ನಿನ ತುದಿಯಿಂದ ಪತ್ರಿಕೆಗಳ ಮೇಜನ್ನು ತೋರಿಸಿ, “ಕಂಪನಿಯವರು ಅದರ ಹಿಂದೆ ಕೂತ್ಕೊಳ್ಳಿ. ಎದ್ದು ಬರಬಾರದು, ಮಾತಾಡಬಾರದು” ಎಂದರು. ಚಿಕ್ಕಪ್ಪ, ಅಕ್ಕ, ನಾನು ತರಗತಿಯಿಂದ ಹೊರಹಾಕಿದ ಮಕ್ಕಳಂತೆ ಸಾಲಾಗಿ ಕೂತೆವು.

ಅಲ್ಲಿಯ ಗ್ರಂಥಪಾಲಕ ನಲವತ್ತರ ಆಸುಪಾಸಿನವನು. ಒಂದೇ ಬೆರಳಿನಲ್ಲಿ ಟೈಪು ಮಾಡುತ್ತಿದ್ದ. ಭಾನುವಾರ ಮಕ್ಕಳಿಗೆ ಕಥೆ ಓದಿ ಹೇಳುವ ಅಭ್ಯಾಸವಂತೆ. ಹಾಗಾಗಿ ಪರದೆಯ ಮೇಲೆ ಬಂದದ್ದನ್ನೆಲ್ಲ ದೊಡ್ಡದಾಗಿ, ಭಾವ ತುಂಬಿ ಓದುತ್ತಿದ್ದ. ಪೆನ್‌ಡ್ರೈವ್ ಚುಚ್ಚಿದ.

“‘ನಮಸ್ಕಾರ. ನಾನು ಕಪಾಟು. ಒಳಗೆ ಬರುವ ಮುಂಚೆ ನಿಮ್ಮ ಯಂತ್ರವನ್ನು ಒಮ್ಮೆ ನೋಡಿಕೊಳ್ಳುತ್ತೇನೆ. ಈಗಲೇ ಏನನ್ನೂ ಮುಟ್ಟುವುದಿಲ್ಲ.’” ಅವನು ಅಧಿಕಾರಿಯ ಕಡೆ ತಿರುಗಿದ. “ಒಳ್ಳೇ ಮನೆತನದ್ದು ಮೇಡಂ ಇದು.”

ಆಮೇಲೆ ಅವನ ಧ್ವನಿ ನಿಧಾನವಾಯಿತು. “‘ಈ ಯಂತ್ರದ ತಳಿ ನನಗೆ ಹೊಸದು. ಇಲ್ಲಿ ನನಗೆ ಗುರುತಿರುವವರು ಯಾರೂ ಕಾಣುತ್ತಿಲ್ಲ.’”

ಗುಜರಿಯ ಏಳರಲ್ಲಿ ಈ ತಳಿ ಇರಲಿಲ್ಲ. ಕೆಮ್ಮಿನ ಸರ್ ನಾಲ್ಕು ಫೋನಿನಲ್ಲಿ ಒಮ್ಮೆಯೂ ಇದನ್ನು ಕೇಳಿರಲಿಲ್ಲ. ಚಿಕ್ಕಪ್ಪ ಅರ್ಧ ಎದ್ದು, “ಒಂದೇ ನಿಮಿಷ, ನಾನು—” ಎಂದರು. ಅಧಿಕಾರಿಯ ಪೆನ್ನು ಮೇಲೆದ್ದಿತು. ಅವರು ಕೂತರು. ಎರಡು ವರ್ಷದ ಬಸ್ಸುಗಳೆಲ್ಲ ಒಟ್ಟಿಗೆ ಹಾರನ್ನು ಹೊಡೆದ ಹಾಗಾಯಿತು ನನಗೆ. ಅಕ್ಕ ಮಾತ್ರ ಅಲ್ಲಾಡಲಿಲ್ಲ. ಪತ್ರಿಕೆ ಸಿಕ್ಕಿಸುವ ಬೆತ್ತವನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು.

ಗ್ರಂಥಪಾಲಕ ಮುಂದಕ್ಕೆ ಬಾಗಿ ಓದಿದ. “‘ಗೊತ್ತಿಲ್ಲದ ಮನೆಯಲ್ಲಿ ಗೊತ್ತಿದ್ದವರ ಹಾಗೆ ನಡೆದುಕೊಳ್ಳುವುದು ತಪ್ಪು. ಆದರೆ ನನಗೆ ಬೇಕಾದದ್ದನ್ನೆಲ್ಲ ನಾನೇ ತಂದಿದ್ದೇನೆ. ನಿಮ್ಮದು ಯಾವುದನ್ನೂ ಕದಲಿಸದೆ ಒಂದು ಮೂಲೆಯಲ್ಲಿ ಇರಬಲ್ಲೆ. ಇರಲೇ? ಬೇಡವೆಂದರೆ ತಂದದ್ದನ್ನೆಲ್ಲ ತೆಗೆದುಕೊಂಡು ಹೀಗೇ ಹೊರಡುತ್ತೇನೆ.’ ಛೆ ಛೆ, ಹೊರಡೋದು ಯಾಕೆ? ಇರಪ್ಪ, ಇರು!” ಎಂದು ಒಂಟಿ ಬೆರಳಿನಿಂದ ‘ಹೌದು’ ಒತ್ತಿದ.

ಪರದೆಯಲ್ಲಿ ಹಸಿರು ಗೆರೆ ಹರಿದಾಡತೊಡಗಿತು. ಅದು ಅರ್ಧ ದಾಟಿತ್ತು. ಅಧಿಕಾರಿ ಎದ್ದರು, ನಿಧಾನವಾಗಿ ಗೋಡೆಯ ಹತ್ತಿರ ನಡೆದರು, ಬಗ್ಗಿದರು, ಪ್ಲಗ್ಗನ್ನು ಕಿತ್ತರು.

ಪರದೆ ಕಪ್ಪಾಯಿತು. ಚಿಕ್ಕಪ್ಪ “ಅಯ್ಯಯ್ಯೋ!” ಎಂದದ್ದು ಮುಂದಿನ ಮಾರುಕಟ್ಟೆಗೂ ಕೇಳಿಸಿರಬೇಕು. ಅಧಿಕಾರಿ ಹತ್ತು ಎಣಿಸುವಷ್ಟು ಹೊತ್ತು ನಿಂತು ಮತ್ತೆ ಪ್ಲಗ್ಗು ಹಾಕಿದರು. ಆ ಕಂಪ್ಯೂಟರು ಏಳಲು ತೆಗೆದುಕೊಂಡ ಸಮಯದಲ್ಲಿ ನಾನು ಬದುಕಿನಲ್ಲಿ ಮಾಡಿದ ಅಷ್ಟೂ ಅನುಕರಣೆಗಳಿಗೆ ಮನಸ್ಸಿನಲ್ಲೇ ಕ್ಷಮೆ ಕೇಳಿ ಮುಗಿಸಿದೆ.

“‘ಮತ್ತೆ ನಮಸ್ಕಾರ’” ಎಂದು ಓದಿದ ಗ್ರಂಥಪಾಲಕ, ಕಥೆಯಲ್ಲಿ ರಾಜಕುಮಾರ ಎದ್ದು ಕೂತ ಧ್ವನಿಯಲ್ಲಿ. “‘ನಡುವೆ ಕರೆಂಟು ಹೋದ ಹಾಗಿದೆ. ಗಾಬರಿಯಾಗಬೇಡಿ, ಇದು ನಿಮ್ಮ ತಪ್ಪಲ್ಲ. ಹದಿಮೂರು ಕೆಲಸಗಳಲ್ಲಿ ಎಂಟು ಮುಗಿದಿವೆ. ಒಂಬತ್ತನೆಯದರಿಂದ ಶುರು ಮಾಡುತ್ತೇನೆ.’”

ಅಧಿಕಾರಿ ಮೊದಲ ಸಲ ನಕ್ಕರು. “ನಿಮ್ಮ ತಪ್ಪಲ್ಲವಂತೆ. ತಪ್ಪು ನನ್ನದು, ಅದಕ್ಕೂ ಬೇಜಾರಿಲ್ಲ!” ಎಂದರು. ಹತ್ತು, ಹನ್ನೊಂದು, ಹನ್ನೆರಡು, ಹದಿಮೂರು. ಪರದೆಯ ಮೇಲೆ ಕಪಾಟಿನ ಬಾಗಿಲು ತೆರೆಯಿತು. ಗ್ರಂಥಪಾಲಕ ಮೇಜಿನ ಮೇಲಿದ್ದ ಒಂದು ಪುಸ್ತಕವನ್ನು ತನ್ನ ಹೆಸರಿಗೇ ಬರೆದುಕೊಂಡು, ಅದನ್ನು ಎದೆಗೊತ್ತಿಕೊಂಡ.

“ಯಾರು ಬರೆದದ್ದು ಇದನ್ನ?” ಎಂದು ಕೇಳಿದರು ಅಧಿಕಾರಿ.

ಇಂಥ ಪ್ರಶ್ನೆಗೆ ಚಿಕ್ಕಪ್ಪನದು ಇಪ್ಪತ್ತು ವರ್ಷದಿಂದ ಒಂದೇ ಉತ್ತರ: “ನಮ್ಮ ಕಂಪನಿ.” ಅಂದು ಅವರು ಎದ್ದು ನಿಂತರು. ಅಂಗಿಯ ತುದಿಯನ್ನು ಕೆಳಕ್ಕೆಳೆದುಕೊಂಡರು. “ನನ್ನ ಮಗಳು. ಒಬ್ಬಳೇ ಬರೆದಳು. ನಾನು ಬೇಡ ಬೇಡ ಅಂತಿದ್ದೆ” ಎಂದರು. ಕೊನೆಯ ಮಾತನ್ನು ಯಾರೂ ಕೇಳಿರಲಿಲ್ಲ. ಅವರೇ ಸೇರಿಸಿದರು. ಅಕ್ಕ ಅಪ್ಪನ ಮುಖ ನೋಡಲಿಲ್ಲ. ಬೆತ್ತವನ್ನು ಮೇಜಿನ ಮೇಲೆ ಬಹಳ ಜೋಪಾನವಾಗಿ ಇಟ್ಟಳು. ಅವಳ ಕಿವಿ ಕೆಂಪಾಗಿತ್ತು. ನನಗಂತೂ ಆ ಹೊತ್ತಿಗೆ ಎದೆಯೊಳಗೆ ಜಾಗ ಸಾಲದೆ ಹೋಯಿತು.

“ಇನ್ನೂ ಒಂದು ಸಾಲು ಇದೆ” ಎಂದ ಗ್ರಂಥಪಾಲಕ. “‘ಈ ಕೆಲಸಕ್ಕೆ ಬುದ್ಧಿ ಹೇಳಿದವರು ಹಳೇ ಸೇತುವೆ ಶಾಖೆಯ ಹಿರಿಯ ಗ್ರಂಥಪಾಲಕರು. ಅವರ ಆರೋಗ್ಯ ಚೆನ್ನಾಗಿರಲಿ.’”

ಇದನ್ನು ಅಕ್ಕ ಯಾವಾಗ ಸೇರಿಸಿದಳೋ ನನಗೆ ಗೊತ್ತಿರಲಿಲ್ಲ. ನಾನು ಮೇಜಿನ ಮೇಲಿದ್ದ ಪತ್ರಿಕೆಯೊಂದನ್ನು ಮುಖಕ್ಕೆ ಅಡ್ಡ ಹಿಡಿದೆ. ತಲೆಕೆಳಗಾಗಿ ಹಿಡಿದಿದ್ದೆ.

ಅಧಿಕಾರಿಯ ಹುಬ್ಬು ಗಂಟಾಯಿತು. “ಹಳೇ ಸೇತುವೆ ಶಾಖೆನಾ? ಅದು ಮುಚ್ಚಿ ಐದು ವರ್ಷ ಆಯ್ತಲ್ಲ. ಅಲ್ಲಿ ಪಾರಿವಾಳ ಬಿಟ್ರೆ ಯಾರೂ ಇಲ್ಲ.”

“ಇಲ್ಲ ಮೇಡಂ, ಇದ್ದಾರೆ. ನಾಲ್ಕು ಸಲ ಫೋನ್ ಮಾಡಿದ್ರು. ಪಾಪ, ಕೆಮ್ಮು ಅವರಿಗೆ” ಎಂದಳು ಅಕ್ಕ.

“ಪಾರ್ವಾಳಕ್ಕೆ ಕೆಮ್ಮಾ?” ಎಂದ ಗ್ರಂಥಪಾಲಕ, ನಿಜವಾದ ಕಾಳಜಿಯಿಂದ.

ಅಕ್ಕ ನಿಧಾನವಾಗಿ ನನ್ನ ಕಡೆ ತಿರುಗಿದಳು. ಒಂದು ಬೆರಳಿನಿಂದ ಪತ್ರಿಕೆಯನ್ನು ಕೆಳಕ್ಕೆ ಒತ್ತಿದಳು.

“ಗಿಳಿ.”

“ಅಕ್ಕ.”

“ದೊಡ್ಡ ಪಾಸ್‌ವರ್ಡು?”

“ನಾನೇ.”

“ಮೊಮ್ಮಗು ಫೋಟೋ?”

“ನನಗಿನ್ನೂ ಮದುವೆಯೇ ಆಗಿಲ್ಲ ಅಕ್ಕ.”

“ಆ ಮೋಟರು! ಒಂದು ವಾರ ಊಟ ಬಿಟ್ಟೆನಲ್ಲೋ ನಾನು, ಆ ಮೋಟರಿಗೆ!”

“ಕನ್ನಡಕದಂಗಡಿಯೋರ ಫೋನು” ಎಂದೆ, ಪಾಪದಲ್ಲಿ ಪಾಲು ಹಂಚಿದರೆ ಹಗುರವಾದೀತು ಎಂದು.

ಚಿಕ್ಕಪ್ಪ ಕಾಲ ಬಳಿಯ ಚಪ್ಪಲಿ ನೋಡಿದರು. ಅಧಿಕಾರಿ ಕನ್ನಡಕ ತೆಗೆದು ಒರೆಸಿದರು. ಅಕ್ಕನ ತುಟಿ ಬಿಗಿದಿತ್ತು, ಮೂಗಿನ ಹೊಳ್ಳೆ ಅಗಲವಾಗಿತ್ತು. ಬಾಲ್ಯದಿಂದ ಕಂಡ ಮುಖ. ಇದರ ಮುಂದಿನದು ಏಟು ಎಂದು ನಾನು ಹೆಗಲು ಕುಗ್ಗಿಸಿದೆ.

“ಬಿಸಿನೀರು ಕುಡೀರಿ ಅಂದೆ ನಾನು ನಿನಗೆ” ಎಂದಳು. ಧ್ವನಿ ನಡುಗುತ್ತಿತ್ತು. “ನಾಲ್ಕು ಸಲ ಅಂದೆ.”

“ಕುಡಿದೆ ಅಕ್ಕ. ನಾಲ್ಕೂ ಸಲ.”

ಅಷ್ಟೇ. ಅವಳ ಬಾಯಿಂದ ಮೊದಲು ಒಂದು ಸಣ್ಣ ಸೀಟಿ ಬಂತು, ಆಮೇಲೆ ಕಟ್ಟೆ ಒಡೆಯಿತು. ಅಧಿಕಾರಿ ನಕ್ಕರು. ಚಿಕ್ಕಪ್ಪ ಕೈಗೆತ್ತಿಕೊಂಡಿದ್ದ ಚಪ್ಪಲಿಯನ್ನು ಕೆಳಗೆ ಬಿಟ್ಟು ಹೊಟ್ಟೆ ಹಿಡಿದುಕೊಂಡರು. ಬೆಂಚಿನ ಮೂಲೆಯಲ್ಲಿ ಓದುತ್ತಿದ್ದ ಮುದುಕರೊಬ್ಬರು ಏನೆಂದು ಗೊತ್ತಾಗದಿದ್ದರೂ ಜೊತೆಗೂಡಿದರು. ಎಲ್ಲರ ನಗುವಿನ ಮೇಲೆ ಅಕ್ಕನ ನಗು ಹತ್ತಿ ಕೂತಿತ್ತು. ಮೇಜು ಬಡಿದು ನಕ್ಕಳು, ನನ್ನ ಬೆನ್ನು ಬಡಿದು ನಕ್ಕಳು, ಕಣ್ಣೊರೆಸಿಕೊಂಡು ಪರದೆಯ ಕೊನೆಯ ಸಾಲನ್ನು ಮತ್ತೊಮ್ಮೆ ಓದಿ ಮೊದಲಿಂದ ಶುರು ಮಾಡಿದಳು.

“ಆ ಸಾಲು ತೆಗೀತೀರಾ ಹಾಗಾದ್ರೆ?” ಎಂದು ಅಧಿಕಾರಿ ಕೇಳಿದರು.

ಅಕ್ಕ ಉಸಿರಿಗಾಗಿ ಕೈ ಎತ್ತಿ ಸನ್ನೆ ಮಾಡಿದಳು. “ಬೇಡ ಮೇಡಂ... ಇರಲಿ... ಇನ್ನೂರ ನಲವತ್ತು ಶಾಖೇಲೂ... ಇವನ ಆರೋಗ್ಯ...” ಮಾತು ಮುಗಿಸಲಾಗಲಿಲ್ಲ. ಇಪ್ಪತ್ತು ವರ್ಷ ಜನರನ್ನು ಸುಮ್ಮನಿರಿಸುವುದೇ ಉದ್ಯೋಗವಾಗಿದ್ದ ಗ್ರಂಥಪಾಲಕ ಅಭ್ಯಾಸಬಲದಿಂದ ತುಟಿಯ ಮೇಲೆ ಬೆರಳಿಟ್ಟು ‘ಶ್’ ಎಂದ. ಅದನ್ನು ಕಂಡು ಅವಳು ಇನ್ನೂ ಜೋರಾಗಿ ನಕ್ಕಳು.